ಶ್ರಾವಣದಲ್ಲಿ ಬಂದ ಮೀನು

ಬೆಳಿಗ್ಗೆ ಒಂಬತ್ತೂಕಾಲಿಗೆ ಮೀನಿನ ಲಾರಿ ಗಿರಣಿಯ ಗೇಟಿನ ಹೊರಗೆ ಬಂದು ನಿಂತಿತು. ಅಂದು ಶ್ರಾವಣದ ಮೂರನೆಯ ಸೋಮವಾರ. ಲಾರಿಯಲ್ಲಿ ಒಂಬತ್ತು ಟನ್ ಒಣಮೀನು ಇತ್ತು. ಗಿರಣಿಯ ಮಾಲೀಕರಿಗೆ ಅದು ಬೇಕಿರಲಿಲ್ಲ.

ಶೈಲಾ ಲಾರಿಯನ್ನು ಪ್ರಯೋಗಾಲಯದ ಕಿಟಕಿಯಿಂದ ನೋಡಿದಳು. ಪ್ರಯೋಗಾಲಯವೆಂದರೆ ಗೋದಾಮಿನ ಮೂಲೆಗೆ ಅಡ್ಡಗೋಡೆ ಎಬ್ಬಿಸಿ ಮಾಡಿದ ಒಂದು ಕೋಣೆ. ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆಯ ಬದಿಗಿರುವ ಈ ಗಿರಣಿ ಮೊಟ್ಟೆ ಇಡುವ ಕೋಳಿಗಳಿಗೆ ಆಹಾರ ತಯಾರಿಸುತ್ತದೆ. ಗೋವಿನಜೋಳ, ಸೋಯಾ ಹಿಂಡಿ, ಒಣಮೀನು, ಕಡಲ ಚಿಪ್ಪಿನ ಪುಡಿ ಎಲ್ಲವೂ ಒಟ್ಟಿಗೆ ಅರೆದು ಚೀಲ ಸೇರುತ್ತವೆ. ಬಂದ ಮಾಲಿನಲ್ಲಿ ತೇವ ಎಷ್ಟು, ಉಪ್ಪು ಎಷ್ಟು, ಮರಳು ಎಷ್ಟು ಎಂದು ನೋಡಿ ರಿಪೋರ್ಟಿಗೆ ಸಹಿ ಹಾಕುವುದು ಹದಿನಾಲ್ಕು ವರ್ಷಗಳಿಂದ ಶೈಲಾಳ ಕೆಲಸ. ಅವಳು ಪಾಸ್ ಎಂದರೆ ಲಾರಿ ಒಳಗೆ ಬರುತ್ತದೆ, ಫೇಲ್ ಎಂದರೆ ಹೊರಳಿ ಹೋಗುತ್ತದೆ. ಬೆಳಗಿನಿಂದ ಅವಳು ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕಿರಲಿಲ್ಲ. ಬೆಟಗೇರಿಯ ಅವಳ ಮನೆಯಲ್ಲಿ ಶ್ರಾವಣ ಸೋಮವಾರದ ಉಪವಾಸ ತಪ್ಪುವುದಿಲ್ಲ. ಮೀನು ಮಾಂಸವಂತೂ ಉಳಿದ ತಿಂಗಳುಗಳಲ್ಲೂ ಹೊಸ್ತಿಲು ದಾಟುವುದಿಲ್ಲ. ಅತ್ತೆ ಸಾವಂತ್ರೆವ್ವ ದಿನಾ ಸಂಜೆ ಹಿತ್ತಲ ಬಾಗಿಲಿಗೆ ಒಂದು ಕೊಡ ನೀರು, ಒಂದು ಹಳೆಯ ಸೀರೆ ಇಟ್ಟಿರುತ್ತಾಳೆ. ಶೈಲಾ ಮೈತೊಳೆದು, ಉಟ್ಟ ಬಟ್ಟೆ ಅಲ್ಲೇ ಹಿಂಡಿ ಹಾಕಿ ಒಳಗೆ ಬರಬೇಕು. ಇದರಲ್ಲಿ ಸಿಟ್ಟಿಲ್ಲ, ಬೈಗುಳವಿಲ್ಲ. ಕೊಡ ಇಟ್ಟಿರುತ್ತದೆ, ಅಷ್ಟೆ. ಆ ಕೊಡವನ್ನು ನೋಡಿದಾಗಲೆಲ್ಲ ಸಾವಂತ್ರೆವ್ವ ಒಮ್ಮೆಯಾದರೂ ಬಾಯಿಬಿಟ್ಟು ಬೈದಿದ್ದರೆ ತಾನು ಹಗುರಾಗುತ್ತಿದ್ದೆ ಎಂದು ಅವಳಿಗೆ ಅನ್ನಿಸಿದೆ. ಬಸ್ಸಿನಲ್ಲಿಯೂ ಹಾಗೆಯೇ. ಅವಳ ಪಕ್ಕ ಕುಳಿತವರು ಎರಡು ಸ್ಟಾಪಿನೊಳಗೆ ಕಿಟಕಿಯ ಗಾಳಿ ಬೇಕೆಂದು ಎದ್ದು ಹೋಗುತ್ತಾರೆ, ಕಿಟಕಿ ಅವಳ ಕಡೆಗೇ ಇದ್ದರೂ.

ಮಾಲೀಕ ಮೈಲಾರಲಿಂಗಪ್ಪ ಕರೆದರೆಂದು ಜವಾನ ಬಂದು ಹೇಳಿದ. ಎಂದಿನ ದಿನಗಳಲ್ಲಿ ಅವರು ಅವಳನ್ನು ಶೈಲವ್ವ ಎನ್ನುತ್ತಿದ್ದರು.

"ಬರ್ರಿ ಶೈಲಾ ಮೇಡಂ, ಕುಂಡ್ರಿ. ಉಪಾಸ ಏನ ಇವತ್ತ? ಚಾ ಆದ್ರ ನಡೀತೈತಲ್ಲ?"

"ಬ್ಯಾಡ್ರಿ ಸರ."

"ನಮ್ಮವ್ವನೂ ಹಂಗ. ನಾನೂ ತತ್ತಿ ಬಿಟ್ಟೇನಿ ಈ ತಿಂಗಳಾ. ಊರಿಗೆ ಊರ ಬಿಟ್ಟೈತಿ." ಅವರು ಮೇಜಿನ ಮೇಲಿನ ಗಾಜಿನಡಿ ಸಿಕ್ಕಿದ್ದ ಕ್ಯಾಲೆಂಡರಿನ ಕಡೆ ನೋಡಿದರು. "ಫಾರ್ಮಿನವ್ರು ಮುದಿ ಕೋಳಿ ಮಾರಿ ಶೆಡ್ಡ ಖಾಲಿ ಇಟ್ಕೊಂಡು ಕುಂತಾರ. ಗಣಪ್ತಿ ಹೋಗೂತನಕಾ ತತ್ತಿ ಕೇಳವ್ರಿಲ್ಲ. ಸೋಯಾ ಬ್ಯಾರೆ ಇಳದೈತಿ. ಈ ಮೀನ ತಗೊಂಡ ನಾ ಏನ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಿ?"

"ತರಸಿದವ್ರು ನೀವ ಅಲ್ರಿ. ನೀವ ಅಂದ ಮ್ಯಾಲ ನಾ ಲಾರಿ ನಯಾಜಗ ಫೋನ್ ಮಾಡೇನಿ. ಮಳಿಗಾಲದ ಬಂದ್ ಮುಗದು ಬೋಟ್ ಬಿಟ್ಟ ಕೂಡ್ಲೆ ಮೊದಲನೆ ಲೋಡ್ ನಮಗ ತಾ, ಲಿಮಿಟ್ಟಿನ್ಯಾಗ ಇದ್ರ ಪಾಸ್ ಅಂತ ಹೇಳೇನಿ."

"ಹೇಳೀರಿ, ಇಲ್ಲ ಅನ್ನಾಂಗಿಲ್ಲ. ಅದಕ್ಕ ನಾ ಬ್ಯಾಡ ಅನ್ನಾಕ ಬರೂದಿಲ್ಲ. ಮೈಲಾರಲಿಂಗಪ್ಪ ಮಾತ ತಪ್ಪಿದ ಅಂತ ನಾಳೆ ಹುಬ್ಬಳ್ಳಿತನಕಾ ಸಾರತಾನ ಅಂವ. ಮಷಿನ್ ಹೇಳ್ತು ಅಂದ್ರ ಯಾರೂ ಏನೂ ಅನ್ನೂದಿಲ್ಲ." ಅವರು ಇನ್ನೂ ಕ್ಯಾಲೆಂಡರನ್ನೇ ನೋಡುತ್ತಿದ್ದರು. "ಸುಳ್ಳ ಬರೀರಿ ಅಂತ ನಾ ಅನ್ನಾಕತ್ತಿಲ್ಲ. ಮಳಿಗಾಲದ ಮಾಲು. ಚಂದಾಗಿ ನೋಡ್ರಿ ಅಂತೀನಿ. ತೇವ ಒಂದೂವರಿ ಪಾಯಿಂಟ್ ಹೆಚ್ಚಿದ್ರೂ ಇರಬಹುದು."

ಎದ್ದು ಬರುವಾಗ ಅವರೇ ಕುರ್ಚಿ ಸರಿಸಿ ದಾರಿ ಮಾಡಿಕೊಟ್ಟರು. ಅವರ ಒಳ್ಳೆಯತನವನ್ನು ಶೈಲಾ ಅಲ್ಲಗಳೆಯುವಂತಿರಲಿಲ್ಲ. ಗಂಡನಿಗೆ ಕಾಮಾಲೆಯಾದಾಗ ಎರಡು ತಿಂಗಳು ರಜೆ ಕೊಟ್ಟಿದ್ದರು, ಮಗಳು ಅಂಕಿತಾಳಿಗೆ ಹೈಸ್ಕೂಲಿನ ಸೀಟು ಕೊಡಿಸಿದ್ದರು. ಆ ಒಳ್ಳೆಯತನವನ್ನು ಅವರು ಎಂದೂ ನೆನಪಿಸುತ್ತಿರಲಿಲ್ಲ. ನೆನಪಿಸಿಕೊಳ್ಳುವ ಕೆಲಸ ಅವಳ ಪಾಲಿಗೇ ಬಿದ್ದಿತ್ತು. ಇನ್ನೊಂದೂ ಅವಳಿಗೆ ತಿಳಿದಿತ್ತು. ಈ ಸಲ ನಯಾಜ ಬರೀ ಬಾಡಿಗೆಗೆ ಗಾಡಿ ಹೊಡೆದು ಬಂದವನಲ್ಲ. ಮಾಲು ಅವನೇ ಖರೀದಿಸಿದ್ದು, ಅದೂ ಅವಳ ಒಂದು ಫೋನಿನ ಮೇಲೆ. ಇಲ್ಲಿ ಫೇಲ್ ಆದರೆ ಶ್ರಾವಣದಲ್ಲಿ ಬೇರೆ ಯಾವ ಗಿರಣಿಯೂ ಅದನ್ನು ಮೂಸುವುದಿಲ್ಲ. ಈ ಹವೆಯಲ್ಲಿ ಮೂರು ನಾಲ್ಕು ದಿನ ತಾಡಪತ್ರಿಯ ಕೆಳಗೆ ಉಳಿದರೆ ಅದು ಕೊಳೆಯುತ್ತದೆ.

ನಯಾಜ ಲಾರಿಯ ಹಿಂಬಾಗಿಲು ಇಳಿಸಿ ಅದರ ಮೇಲೆ ಕುಳಿತಿದ್ದ. ಲಕ್ಷ್ಮೇಶ್ವರದವನು, ಮೂವತ್ತರ ಆಚೆ ಈಚೆ. ಅವಳನ್ನು ಕಂಡು ಕೆಳಗೆ ಧುಮುಕಿದ.

"ಸಲಾಂ ಅಕ್ಕಾರ. ಸೋಮಾರ ದಿನಾ ನಿಮ್ಮ ಮಡಿ ಕೆಡಸಾಕ ಬಂದೇನಿ."

"ಮಡಿ ಕೆಟ್ಟ ಹದಿನಾಕ ವರ್ಷಾತು ತಗೋ. ಮನಿಗೆ ಹೋಗಿ ಬಂದ್ಯೋ ಇಲ್ಲೋ?"

"ಹಾದ್ಯಾಗ ಐತಲ್ಲ, ಮಾರಿ ತೊಳಕೊಂಡು ಬರೋಣು ಅಂತ ಹೋದೆ. ನಮ್ಮ ಮನಿಯಾಕಿ ಸುಗ್ರಾಬಿ ಗಾಡಿ ಓಣ್ಯಾಗ ನಿಂದ್ರಸಾಕ ಕೊಡಲಿಲ್ರಿ. ಗಾಡಿ ಇಲ್ಲ ನೀ, ಇಬ್ರಾಗ ಒಬ್ರು ಒಳಗ ಬರ್ರಿ ಅಂದ್ಲು."

ಅವಳು ನಕ್ಕಳು. ನಗುತ್ತಲೇ ಚೂಪು ಕೊಳವೆಯನ್ನು ಚೀಲಕ್ಕೆ ಚುಚ್ಚಿದಳು. ಹತ್ತು ಚೀಲ, ಮೇಲಿನವು, ನಡುವಿನವು, ಅಡಿಯವು. ತಟ್ಟೆಗೆ ಬಿದ್ದದ್ದನ್ನು ಬೆರಳಿನಿಂದ ಹರಡಿದಾಗ ನಗು ನಿಂತಿತು. ಹೋದ ವರ್ಷ ಅಂಗೈಯಲ್ಲಿ ಎರಡು ಹಿಡಿಯುತ್ತಿದ್ದ ಬಂಗಡೆ ಈಗ ಏಳೆಂಟು ಹಿಡಿಯುತ್ತಿತ್ತು. ಬೆರಳಿನ ಅರ್ಧದಷ್ಟು ತಾರ್ಲಿ. ಉಗುರಿನಷ್ಟು ಏಡಿ. ಹೆಸರು ಗೊತ್ತಿಲ್ಲದ ಎಂಥೆಂಥವೋ, ಮೈ ಮುರುಟಿ, ಸಾಸಿವೆಯಂಥ ಕಣ್ಣು ಬಿಟ್ಟುಕೊಂಡು ಬಿದ್ದಿದ್ದವು. ನಡುವೆ ಬಲೆಯ ನೀಲಿ ನೂಲಿನ ತುಂಡುಗಳು. ನೇಕಾರರ ಮನೆಯಲ್ಲಿ ಹುಟ್ಟಿದವಳಾದ್ದರಿಂದ ಆ ನೂಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಎಷ್ಟು ಎಳೆ ಎಂದು ನೋಡುವುದು ಅವಳಿಗೆ ಚಟ. ಸಮುದ್ರವನ್ನು ಅವಳು ಕಣ್ಣಾರೆ ನೋಡಿರಲಿಲ್ಲ. ಅಲ್ಲಿಂದ ಸತ್ತು ಬಂದದ್ದನ್ನು ಮಾತ್ರ ನೋಡಿದ್ದಳು, ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂದದ್ದನ್ನು.

"ಇಷ್ಟ ಸಣ್ಣವ ಯಾಕ ತಂದಿ? ಹೋದ ವರ್ಷ ನಾ ಏನ ಹೇಳಿದ್ದೆ?"

"ನೀವ ಹೇಳಿದ್ದ ನಾ ಬಂದರದಾಗ ಹೇಳಿದೆ ಅಕ್ಕಾರ, ಖರೆ. ನಮ್ಮ ಗದಗಿನ ಮೇಡಂನವ್ರು ಮರಿಮೀನ ಬ್ಯಾಡಂತಾರ, ಅವು ತತ್ತಿ ಇಡೂದರೊಳಗ ಹಿಡದ್ರ ಮುಂದ ಏನ ಹಿಡೀತೀರಿ ಅಂತಾರ ಅಂತ. ನಕ್ರು. ಗದಗಿನ್ಯಾಗ ಸಮುದ್ರ ಯಾವಾಗ ಬಂತೋ ಮಾರಾಯಾ ಅಂದ್ರು." ಅವನು ಕೈಗೆ ಹತ್ತಿದ ಪರೆ ಲುಂಗಿಗೆ ಒರೆಸಿದ. "ದೊಡ್ಡವು ಇದ್ರ ಮಂದಿ ತಿಂತಾರ, ನಮ್ಮ ಗಾಡಿಗೆ ಯಾಕ ಹತ್ತತಾವ? ಈಗ ಬಲಿ ಕಣ್ಣ ಎಷ್ಟ ಸಣ್ಣ ಮಾಡ್ಯಾರಂದ್ರ, ನಿಮ್ಮ ಸೀರಿ ಸೆರಗ ಅದಕ್ಕಿಂತ ಜಾಳ."

ಮಾದರಿಯನ್ನು ತೂಗಿ ಓವನ್ನಿಗೆ ಇಟ್ಟಳು. ತೇವ ಆರುವವರೆಗೆ ಮಾಡಲು ಬೇರೆ ಕೆಲಸವಿತ್ತು. ಚಿಪ್ಪಿನ ಪುಡಿಯ ಮಾದರಿ ಎರಡು ದಿನದಿಂದ ಕಾಯುತ್ತಿತ್ತು. ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ಕೋಳಿಗೆ ಸುಣ್ಣ ಬೇಕು, ಆ ಸುಣ್ಣ ಕಡಲ ಚಿಪ್ಪಿನಿಂದ ಬರುತ್ತದೆ. ಒಂದು ಚೂರು ಚಿಪ್ಪನ್ನು ಗಾಜಿನ ತಟ್ಟೆಯಲ್ಲಿಟ್ಟು ಆಮ್ಲದ ಒಂದು ಹನಿ ಬಿಟ್ಟಳು. ಅದು ಬುರುಬುರು ನೊರೆ ಎಬ್ಬಿಸಿತು. ಈ ನೊರೆಯನ್ನು ಸಾವಿರ ಸಲ ನೋಡಿದ್ದಳು, ನಾಗಾವಿಗೆ ಹೋಗಿ ಬಂದ ಮೇಲೆ ಮಾತ್ರ ಅದನ್ನು ಸುಮ್ಮನೆ ನೋಡಲು ಆಗುತ್ತಿರಲಿಲ್ಲ. ನಾಗಾವಿಯ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಎರಡು ವರ್ಷದ ಹಿಂದೆ ಕರಾವಳಿಯ ವಿಜ್ಞಾನಿಯೊಬ್ಬರು ಮಾತಾಡಿದ್ದರು. ಮನುಷ್ಯ ಸುಟ್ಟ ಇಂಗಾಲದ ಹೊಗೆಯಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ನುಂಗಿಕೊಳ್ಳುತ್ತದೆ. ನುಂಗಿದ್ದು ನೀರಿನಲ್ಲಿ ಆಮ್ಲವಾಗುತ್ತದೆ. ಕಾರ್ಖಾನೆಗಳು ಬರುವ ಮೊದಲು ಎಂಟೂ ಎರಡು ದಶಾಂಶ ಇದ್ದ ಪಿಎಚ್ ಈಗ ಎಂಟೂ ಒಂದಕ್ಕೆ ಇಳಿದಿದೆ. ಸಮುದ್ರ ಹುಳಿಯಾಗಿಲ್ಲ, ಅದರ ಕ್ಷಾರ ತಗ್ಗಿದೆ, ಎಂದು ಅವರು ಸರಿಯಾಗಿಯೇ ಹೇಳಿದ್ದರು. ಚಿಪ್ಪು ಕಟ್ಟುವ ಜೀವಿಗಳಿಗೆ ಕಟ್ಟಲು ಬೇಕಾದ ಸಾಮಗ್ರಿ ಕಡಿಮೆಯಾಗುತ್ತ ಬಂದಿದೆ. ಸುತ್ತಲಿನ ವಿದ್ಯಾರ್ಥಿಗಳು ಫೋನು ನೋಡುತ್ತಿದ್ದರು. ಒಂದು ದಶಾಂಶ ಎಂದರೆ ಆಮ್ಲದ ಅಂಶ ಕಾಲುಭಾಗಕ್ಕೂ ಹೆಚ್ಚು ಏರಿದಂತೆ ಎಂದು ಶೈಲಾಳ ತಲೆ ತಾನಾಗಿ ಲೆಕ್ಕ ಹಾಕಿತ್ತು. ಕೊನೆಗೆ ಪ್ರಶ್ನೆ ಕೇಳಲು ಎದ್ದು ನಿಂತಳು. ಎದ್ದಾಗ ಸೀರೆಯ ಗಾಳಿ ಬೀಸಿರಬೇಕು, ಮುಂದಿನ ಸಾಲಿನ ಇಬ್ಬರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ದುಪಟ್ಟಾ ಮೂಗಿಗೆ ಹಿಡಿದು ಎರಡು ಕುರ್ಚಿ ಆಚೆ ಸರಿದರು. ನೀವು ಏನು ಕೆಲಸ ಮಾಡ್ತೀರಿ ಎಂದು ವಿಜ್ಞಾನಿ ವೇದಿಕೆಯಿಂದ ಕೇಳಿದರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ ಅಂದಳು. ಪ್ರಶ್ನೆ ಏನಾಗಿತ್ತೋ ಈಗ ನೆನಪಿಲ್ಲ, ಆ ಸುಳ್ಳು ಮಾತ್ರ ಶಬ್ದಶಬ್ದವಾಗಿ ನೆನಪಿದೆ. ಸಮುದ್ರದಿಂದ ಇಷ್ಟು ದೂರ ಇದ್ದೂ ನಿಮಗೆ ಕಾಳಜಿ ಇದೆಯಲ್ಲ, ಅದು ದೊಡ್ಡದು ಎಂದು ಅವರು ಹೇಳಿದ್ದರು, ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ದೂರವೆಂದರೆ ಎಷ್ಟು ದೂರ. ಹುಡುಗಿಯಾಗಿದ್ದಾಗ ಬೆಟಗೇರಿಯ ಓಣಿಯಲ್ಲಿ ಅಪ್ಪ ಗೋವಿಂದಪ್ಪ ನೂಲಿಗೆ ಬಣ್ಣ ಹಾಕಿ ಮುಗಿಸಿದ ಮೇಲೆ ಉಳಿದ ನೀರನ್ನು ಗಟಾರಕ್ಕೆ ಚೆಲ್ಲುವುದು ಅವಳ ಪಾಲಿನ ಕೆಲಸವಾಗಿತ್ತು. ಒಂದು ದಿನ ಕೆಂಪು, ಒಂದು ದಿನ ಹಸಿರು. ಓಣಿಯ ನಾಯಿಗಳ ಕಾಲು ಆಯಾ ದಿನದ ಬಣ್ಣಕ್ಕೆ ತಿರುಗುತ್ತಿದ್ದವು. ಇದು ಎಲ್ಲಿಗೆ ಹೋಗತೈತಿ ಎಂದು ಕೇಳಿದರೆ ಅಪ್ಪ, ಹಳ್ಳಕ್ಕ, ಎಂದಿದ್ದ. ಹಳ್ಳದಿಂದ? ಹೊಳಿಗೆ. ಅಲ್ಲಿಗೆ ಅವನ ಭೂಗೋಳ ಮುಗಿಯುತ್ತಿತ್ತು. ಶಾಲೆಯ ನಕಾಶೆಯಲ್ಲಿ ಅವಳು ಬೆರಳಿಟ್ಟು ನೋಡಿದ್ದಳು. ಮಲಪ್ರಭೆ, ಕೃಷ್ಣೆ, ಆಮೇಲೆ ಎಷ್ಟೋ ದೂರ ಪೂರ್ವಕ್ಕೆ ಹೋಗಿ ಆಚೆಯ ಸಮುದ್ರ. ಈ ಊರು ಒಂದು ಸಮುದ್ರದ ಮರಿಗಳನ್ನು ಅರೆದು ತಿನ್ನುತ್ತದೆ, ಇನ್ನೊಂದಕ್ಕೆ ಹೊಲಸು ಕಳಿಸುತ್ತದೆ, ಎರಡನ್ನೂ ನೋಡದೆ ಶ್ರಾವಣ ಮಾಡುತ್ತದೆ. ಹೀಗೆ ಅಂದುಕೊಂಡ ಕೂಡಲೇ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ವೇದಿಕೆಯ ಮೇಲೆ ನಿಂತು ಹೇಳುವಂಥ ವಾಕ್ಯ, ಚಪ್ಪಾಳೆ ಬೀಳುವಂಥದ್ದು.

ಒಂದೂವರೆಯ ಹೊತ್ತಿಗೆ ಎಲ್ಲ ಅಂಕಿಗಳೂ ಬಂದವು. ಉಪ್ಪು ಮಿತಿಯೊಳಗಿತ್ತು. ಮರಳು ಮಿತಿಯೊಳಗಿತ್ತು. ತೇವ ಹನ್ನೊಂದೂ ನಾಲ್ಕು ದಶಾಂಶ, ಮಿತಿ ಹನ್ನೆರಡು. ಎರಡನೆಯ ಮಾದರಿಯೂ ಹನ್ನೊಂದೂ ನಾಲ್ಕೇ. ಮಳೆಗಾಲದಲ್ಲಿ ಶೆಡ್ಡಿನೊಳಗೆ ಕಟ್ಟಿಗೆ ಉರಿಸಿ, ಬಿಸಿಗಾಳಿ ಹಾಯಿಸಿ ಒಣಗಿಸಿದ ಮಾಲಿಗೆ ಇದು ಒಳ್ಳೆಯ ಅಂಕಿ. ಪಾಸ್.

ರಿಪೋರ್ಟಿನ ಹಾಳೆ ಮುಂದಿಟ್ಟುಕೊಂಡು ಕುಳಿತಳು. ಇಂಥ ಲೋಡನ್ನು ಹೊರಳಿಸಿ ಕಳಿಸಬೇಕು ಎಂದು ಅವಳು ಬಯಸಿ ಎಷ್ಟು ವರ್ಷವಾಗಿತ್ತು. ಪ್ರತಿ ಸಲವೂ ಮಾಲೀಕರು ಬೇಕು ಅನ್ನುತ್ತಿದ್ದರು, ಪ್ರತಿ ಸಲವೂ ಅವಳು ಸಹಿ ಹಾಕುತ್ತಿದ್ದಳು, ಸಂಜೆ ಹಿತ್ತಲಲ್ಲಿ ಮೈ ತೊಳೆಯುವಾಗ ಮುಂದಿನ ಸಲ ನೋಡೋಣ ಎಂದುಕೊಳ್ಳುತ್ತಿದ್ದಳು. ಈಗ ಮಾಲೀಕರೇ ಬೇಡವೆನ್ನುತ್ತಿದ್ದರು. ಬಾಗಿಲು ತಾನಾಗಿ ತೆರೆದಿತ್ತು. ಹಾಳೆಯಲ್ಲಿ ತೇವಕ್ಕೆ ಒಂದು ಕಾಲಂ, ಉಪ್ಪಿಗೆ ಒಂದು, ಮರಳಿಗೆ ಒಂದು. ಮರಿಮೀನು ಎಂದು ಬರೆಯಲು ಕಾಲಂ ಇರಲಿಲ್ಲ. ಕೆಳಗೆ ಷರಾ ಎಂಬ ಖಾಲಿ ಜಾಗವಿತ್ತು, ನಿಜ. ಅಲ್ಲಿ ಬರೆಯಬಹುದಿತ್ತು, ಅಂಕಿಗಳು ಸರಿಯಿವೆ, ಮೀನು ತೀರ ಎಳೆಯದು ಎಂದು. ಹಾಗೆ ಬರೆದರೆ ಮಾಲು ಪಾಸೇ. ಮಾಲೀಕರ ಮುಖ ಒಮ್ಮೆ ಕಪ್ಪಿಡುತ್ತಿತ್ತು, ಮಾತಿಗೆ ಕಟ್ಟುಬಿದ್ದು ಇಳಿಸಿಕೊಳ್ಳುತ್ತಿದ್ದರು, ನಾಳೆಯಿಂದ ಅವಳು ಬರೀ ಶೈಲವ್ವಳೂ ಆಗಿರುತ್ತಿರಲಿಲ್ಲ. ಸತ್ತ ಮೀನು ತಿರುಗಿ ಈಜುವುದಿಲ್ಲ. ಒಳಗೆ ಬಂದರೆ ಕೋಳಿಯಾದರೂ ತಿನ್ನುತ್ತದೆ, ಹೊರಗೆ ಹೋದರೆ ಅದೂ ಇಲ್ಲ. ಇದೆಲ್ಲ ಅವಳಿಗೆ ಸ್ಪಷ್ಟವಾಗಿಯೇ ತಿಳಿದಿತ್ತು. ತಟ್ಟೆಯಲ್ಲಿ ಉಳಿದ ಏಡಿಮರಿಯೊಂದು ಬೆನ್ನ ಮೇಲೆ ಬಿದ್ದಿತ್ತು, ಅದನ್ನು ಬೆರಳಿನಿಂದ ಹೊರಳಿಸಿದರೆ ಪುಡಿಯಾಯಿತು. ಆಗ ಒಂದು ಸಿಟ್ಟು ಬಂತು. ಬಂದರದಲ್ಲಿ ನಕ್ಕವರ ಮೇಲೆ, ದುಪಟ್ಟಾ ಹಿಡಿದ ಹುಡುಗಿಯರ ಮೇಲೆ, ಇದನ್ನು ಖುಷಿಯಿಂದ ಹೊತ್ತು ತಂದ ನಯಾಜನ ಮೇಲೆ. ಈ ಸಿಟ್ಟು ನ್ಯಾಯದ್ದು ಎಂದುಕೊಳ್ಳುತ್ತಲೇ ತೇವದ ಕಾಲಮಿನಲ್ಲಿ ಹದಿಮೂರು ಬಿಂದು ಒಂದು ಎಂದು ಬರೆದಳು. ಅಂಕಿ ದುಂಡಗೆ ಬಂದಿತ್ತು. ಸಹಿ ಹಾಕುವವರೆಗೂ ತಾನು ಮರಿಮೀನಿನ ಪರವಾಗಿ ಬರೆಯುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ನಿಜವಾದ ಅಂಕಿಗೆ ಮಾಲೀಕರು ಹೇಳಿದ ಒಂದೂವರೆ ಪಾಯಿಂಟನ್ನು ಕೂಡಿಸಿದ್ದರೂ ಇಷ್ಟು ಆಗುತ್ತಿರಲಿಲ್ಲ, ಅವರು ಕೇಳಿದ್ದಕ್ಕಿಂತ ತಾನು ಹೆಚ್ಚೇ ಬರೆದಿದ್ದೇನೆ ಎಂಬುದು ಸಹಿಯ ಮಸಿ ಆರುವಾಗ ಹೊಳೆಯಿತು.

ನಯಾಜ ಬೇವಿನ ಗಿಡದ ನೆರಳಿನಲ್ಲಿ ಎಲೆ ಅಡಿಕೆ ಹಾಕುತ್ತಿದ್ದ. ಅವಳು ಹತ್ತಿರ ಬರುವುದನ್ನು ಕಂಡು ಉಗುಳಿ ಬಂದ.

"ಎಷ್ಟ ಬಂತ್ರಿ ಅಕ್ಕಾರ?"

"ಹದಿಮೂರು ಒಂದು. ತೇವ ಹೆಚ್ಚ ಐತಿ."

ಅವನು ಜಗಳಕ್ಕೆ ಬರುತ್ತಾನೆ ಎಂದು ಅವಳು ತಯಾರಾಗಿದ್ದಳು. ಇನ್ನೊಮ್ಮೆ ನೋಡ್ರಿ ಎಂದಿದ್ದರೆ ಇನ್ನೊಮ್ಮೆ ನೋಡುತ್ತಿದ್ದಳು, ಬಹುಶಃ. ನನ್ನ ಮುಂದ ತೂಗ್ರಿ ಎಂದಿದ್ದರೆ ಹಾಳೆ ಹರಿಯಲೂಬಹುದಿತ್ತು. ಅವನು ಹಾಳೆಯನ್ನು ತಲೆಕೆಳಗಾಗಿಯೇ ಹಿಡಿದು ನೋಡಿದ, ಆಮೇಲೆ ಸರಿಯಾಗಿ ಹಿಡಿದು ಅವಳ ಸಹಿಯನ್ನು ನೋಡಿದ.

"ಹದಿಮೂರಾ," ಎಂದ. "ಅರಬೈಲ್ ಘಾಟಿನ್ಯಾಗ ತಾಡಪತ್ರಿ ಹರೀತ್ರಿ, ಒಂದ ಕಡೆ. ನಾ ಹಗ್ಗ ಬಿಗದೆ. ನೀರ ಒಳಗ ಹೋಗಿರಾಕಿಲ್ಲ ಅನ್ಕೊಂಡಿದ್ದೆ. ಹೋಗೇತಿ ಹಂಗಾರ."

"ಹೋಗಿರಬಹುದು."

"ಬ್ಯಾರೆ ಯಾರರ ಬರದಿದ್ರ ಕೂಗಾಡತಿದ್ದೆ ಅಕ್ಕಾರ. ನೀವ ಬರದೀರಿ ಅಂದ ಮ್ಯಾಲ ಖರೆ ಇರತೈತಿ ಬಿಡ್ರಿ." ಅವನು ಹಾಳೆ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. "ಇಲ್ಲಾ ಒಂದ ಮಾತ ಕೇಳ್ತೀನಿ. ಎರಡ ದಿನ ನಿಮ್ಮ ಗೋದಾಮಿನ್ಯಾಗ ಹರವಿ ಆರಸಿದ್ರ?"

"ಸರ ಒಪ್ಪೂದಿಲ್ಲ."

"ಅದೂ ಖರೆ. ಸೋಮಾರ ಬ್ಯಾರೆ."

"ಮೀನು ಭಾಳ ಸಣ್ಣವು ನಯಾಜ," ಎಂದಳು. ಮಾತು ಬೇಡಿಕೊಳ್ಳುವ ಹಾಗೆ ಬಂತು. "ನಾ ಹೇಳಿದ್ದೆ ನಿನಗ."

"ಹೌದ್ರಿ, ಸಣ್ಣವು ಅವ," ಎಂದು ಅವನು ಒಪ್ಪಿದ, ಮನಸ್ಸು ಬೇರೆಲ್ಲೋ ಇತ್ತು. "ಸಣ್ಣವು ಜಲ್ದಿ ನೀರ ಹಿಡೀತಾವ ಕಾಣ್ತೈತಿ. ಶೆಡ್ಡಿನವ್ರಿಗೆ ಹೇಳ್ತೀನ್ರಿ ಅಕ್ಕಾರ. ಇನ್ನೊಂದ ದಿನಾ ಕಟಗಿ ಹಚ್ರಿ, ಕಡಕ್ ಒಣಗಸ್ರಿ, ಗದಗಿನ್ಯಾಗ ತೇವಕ್ಕ ಫೇಲ್ ಮಾಡ್ಯಾರ ಅಂತ. ಮುಂದಿನ ಸಲ ನಿಮಗ ತ್ರಾಸ ಕೊಡೂದಿಲ್ಲ."

ಅವಳಿಗೆ ಹಾಗಲ್ಲ ಎಂದು ಹೇಳುವುದಿತ್ತು. ಕಟ್ಟಿಗೆಯಲ್ಲ, ಹೊಗೆಯಲ್ಲ, ಅದರ ಮಾತಲ್ಲ. ಹೇಳಬೇಕೆಂದರೆ ಜೇಬಿನೊಳಗಿನ ಹಾಳೆಯಿಂದ ಶುರುಮಾಡಬೇಕಿತ್ತು. ಈಗ ಅವಳ ಹೆಸರಿನಲ್ಲಿ ಬಂದರಕ್ಕೆ ಹೋಗುವ ಸಂದೇಶ, ಇನ್ನಷ್ಟು ಕಟ್ಟಿಗೆ ಸುಡಿ ಎಂಬುದೊಂದೇ. ಅಲ್ಲಿ ಈ ಸಲ ಯಾರೂ ನಗುವುದಿಲ್ಲ, ಯಾಕೆಂದರೆ ಇದು ಅವರಿಗೆ ತಿಳಿಯುವ ಮಾತು. ಕಿಟಕಿಯಲ್ಲಿ ಮೈಲಾರಲಿಂಗಪ್ಪನವರ ಬಿಳಿ ಅಂಗಿ ಕಾಣಿಸಿತು. ನಯಾಜ ಹಿಂಬಾಗಿಲು ಎತ್ತಿ ಚಿಲಕ ಹಾಕಿದ, ಹರಿದ ತಾಡಪತ್ರಿಯನ್ನು ಎಳೆದು ಹಗ್ಗ ಬಿಗಿದ. ಹೋಗುವ ಮುಂಚೆ ಇಳಿದು ಬಂದು, ಉಪಾಸ ಇದ್ದೀರಿ, ಬಿಸಲಾಗ ನಿಂದರಬ್ಯಾಡ್ರಿ ಅಂದ.

ಸಂಜೆ ಹಿತ್ತಲ ಬಾಗಿಲಲ್ಲಿ ಕೊಡ ಇತ್ತು. ಸಾವಂತ್ರೆವ್ವ ತಾನೇ ಚೊಂಬಿನಿಂದ ಸೊಸೆಯ ಕೈಮೇಲೆ ನೀರು ಹೊಯ್ದಳು. ಅಂಕಿತಾ ಒಳಗೆ ಗಟ್ಟಿಯಾಗಿ ಓದುತ್ತಿದ್ದಳು.

"ಇವತ್ತರ ಮೀನ ಮುಟ್ಟಿಲ್ಲ ಹೌದಿಲ್ಲೋ?"

"ಒಂದ ಗಾಡಿ ಬಂದಿತ್ರಿ ಅತ್ತಿ. ಹೊಳ್ಳಿ ಕಳಿಸಿದ್ವಿ."

"ಕಳಿಸಿದ್ರಿ?" ಸಾವಂತ್ರೆವ್ವಳ ಕೈ ನಿಂತಿತು. "ನೀನ ಕಳಿಸಿದ್ಯೋ ಮಾಲಕರೋ?"

"ನಾನ. ನಾನ ಸಹಿ ಮಾಡಿದೆ."

"ಛಲೋ ಮಾಡಿದಿ ಬಿಡು. ಸೋಮಾರ ದಿನಾ ಅಷ್ಟ ಜೀವದ ಪಾಪ ತಪ್ಪತು." ಮುದುಕಿ ಉಳಿದ ನೀರನ್ನು ಅವಳ ಪಾದದ ಮೇಲೆ ಸುರಿದು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಒದ್ದೆ ಸೀರೆಯಲ್ಲೇ ಒಳಗೆ ಬಾ ಎಂದಳು. ಶೈಲಾ ಬರಲಿಲ್ಲ. ಕತ್ತಲಾಗುವವರೆಗೂ ಬಚ್ಚಲ ಕಲ್ಲಿನ ಮೇಲೆ ಸೀರೆಯನ್ನು ಹಿಂಡುತ್ತ, ಬಿಚ್ಚುತ್ತ, ಮತ್ತೆ ಹಿಂಡುತ್ತ ಕುಳಿತಿದ್ದಳು.

ನಯಾಜ ಆ ಮಾಲನ್ನು ಮಂಗಳವಾರ ಮತ್ತು ಬುಧವಾರ ಕೊಪ್ಪಳದ ಕಡೆಯ ಎರಡು ಗಿರಣಿಗಳಿಗೆ ಒಯ್ದ. ಇಬ್ಬರೂ ಹಾಳೆ ನೋಡಿ ಬೇಡ ಎಂದರು. ಗುರುವಾರ ರಾತ್ರಿ ಮಳೆಯಾಯಿತು. ಶುಕ್ರವಾರ ಅವನು ಡೋಣಿ ಊರಿನಿಂದ ಆಚೆ, ಕಪ್ಪತಗುಡ್ಡ ಕಾಣುವ ಬಯಲಿನಲ್ಲಿ, ಗರಸುಮಣ್ಣು ಅಗೆಯುವ ಕೆಲಸ ನಿಂತಿದ್ದ ಕುಣಿಯೊಂದಕ್ಕೆ ಒಂಬತ್ತು ಟನ್ ಮೀನನ್ನು ಸುರಿದ. ಎರಡು ದಿನ ನಾಯಿ ಹದ್ದುಗಳು ಬಂದವು. ನಾಲ್ಕನೆಯ ಸೋಮವಾರ ವಾಸನೆ ತಾಳದೆ ಸುತ್ತಲಿನ ಹೊಲದವರು ಜೆಸಿಬಿ ತರಿಸಿ ಕುಣಿಗೆ ಮಣ್ಣು ಎಳೆಸಿದರು.